ಹಳೆ ಗಾಡಿಯ ಒಳದೀಪಕ್ಕೆ ಎಲ್‌ಇಡಿ: ವೈರಿಂಗ್ ಸುಡುವುದು ಬಲ್ಬಿನಿಂದಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಇದೆ. ಒಳಗಿನ ದೀಪ ತೀರಾ ಮಂಕು. ಎಲ್‌ಇಡಿ ಹಾಕಿಸೋಣ ಅಂದರೆ, "ಹಳೆ ವೈರಿಂಗು, ಸುಟ್ಟುಹೋಗುತ್ತೆ" ಅಂತ ಹೆದರಿಸುತ್ತಾರೆ. ಹಾಕಬಹುದಾ? ಹಾಕೋದಾದರೆ ಯಾವುದು?

ಹಾಕಬಹುದು. ಧೈರ್ಯವಾಗಿ ಹಾಕಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಮಳೆ ಹಿಡಿಯಿತು ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಇದೇ ಮಾತು ಶುರು. ಯಾವ ಬಲ್ಬು ಅನ್ನುವುದನ್ನು ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಬಹುದು. ಆದರೆ ಆ "ವೈರಿಂಗ್ ಸುಡುತ್ತೆ" ಅನ್ನುವುದನ್ನು ಬುಡಸಮೇತ ಕೀಳದೆ ಮುಂದೆ ಹೋದರೆ ಬರುವ ವರ್ಷವೂ ಇದನ್ನೇ ಬರೆಯಬೇಕಾಗುತ್ತದೆ.

ಲೆಕ್ಕ ನೋಡಿ. ಚಾವಣಿಯ ದೀಪದಲ್ಲಿರುವ ಹಳೆ ಬಲ್ಬು 10 ವ್ಯಾಟಿನದು ಅಂದುಕೊಳ್ಳೋಣ. 12 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 0.83 ಆಂಪಿಯರ್. ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು ಒಳ್ಳೆಯ ಎಲ್‌ಇಡಿ 1 ವ್ಯಾಟಿನಲ್ಲಿ ಕೊಡುತ್ತದೆ. ಅಂದರೆ 0.083 ಆಂಪಿಯರ್, ಹತ್ತರಲ್ಲೊಂದು ಪಾಲು. ವೈರು ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟು ಹತ್ತರಲ್ಲೊಂದಾದರೆ ಅದೇ ವೈರಿನಲ್ಲಿ ಹುಟ್ಟುವ ಬಿಸಿ ನೂರರಲ್ಲೊಂದು. ಐವತ್ತು ವರ್ಷ 10 ವ್ಯಾಟಿನ ಬಲ್ಬನ್ನು ಹೊತ್ತು ಬಂದ ವೈರಿಗೆ 1 ವ್ಯಾಟಿನದು ಭಾರವಾಗುವುದು ಹೇಗೆ? ತಲೆಯ ಮೇಲಿನ ಅಡಿಕೆ ಮೂಟೆ ಇಳಿಸಿ ಕೈಗೆ ಎಲೆಕಟ್ಟು ಕೊಟ್ಟ ಹಾಗೆ ಅದು. ಹೆಚ್ಚು ಬೆಳಕಿಗೆ ಹೆಚ್ಚು ಕರೆಂಟು ಬೇಕು ಅನ್ನುವುದು ತಂತಿ ಬಲ್ಬಿನ ಕಾಲದ ಅಭ್ಯಾಸ. ತಂತಿ ಬಲ್ಬು ತಾನು ತಿಂದದ್ದರಲ್ಲಿ ಬಹುಪಾಲನ್ನು ಬಿಸಿ ಮಾಡಿ ಕಳೆಯುತ್ತದೆ. ನಿಮ್ಮ ದೀಪದ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ ಕಂದು ಕಲೆ ಇದ್ದರೆ ಅದು ಆ ಬಿಸಿಯ ಗುರುತು.

ಹಾಗಾದರೆ ಗ್ಯಾರೇಜಿನವರು ಸುಳ್ಳು ಹೇಳುತ್ತಾರಾ? ಇಲ್ಲ. ಅವರು ಸುಟ್ಟ ವೈರನ್ನು ಕಣ್ಣಾರೆ ಕಂಡವರು. ಕಾರಣವನ್ನು ಮಾತ್ರ ತಪ್ಪಾಗಿ ಹಿಡಿದಿದ್ದಾರೆ.

ಹಳೆ ಗಾಡಿಯಲ್ಲಿ "ದೀಪ ಬದಲಿಸಿದ್ದಕ್ಕೆ" ವೈರು ಸುಟ್ಟ ಕಥೆಗಳಲ್ಲಿ ಬಹಳಷ್ಟು ಹೆಡ್‌ಲೈಟಿನವು. ಘಾಟಿಯ ಮಂಜಿಗೆ ಸಾಲದು ಅಂತ 100/90 ವ್ಯಾಟಿನ (ಹೈಬೀಮಿಗೆ 100, ಲೋಬೀಮಿಗೆ 90) ಹ್ಯಾಲೊಜನ್ ತಂದು, ದೊಡ್ಡ ಕರೆಂಟನ್ನು ಸ್ವಿಚ್ಚಿನ ಮೇಲೆ ಬೀಳದಂತೆ ತಪ್ಪಿಸುವ ರಿಲೇ ಇಲ್ಲದೆ ಹಾಕಿದರೆ, ಹೈಬೀಮ್ ಒತ್ತಿದಾಗ ಎರಡೂ ದೀಪ ಸೇರಿ 16 ಆಂಪಿಯರ್‌ಗೂ ಹೆಚ್ಚು ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಸ್ವಿಚ್ಚು ಕರಗುತ್ತದೆ, ವೈರು ಕಮಟು ವಾಸನೆ ಹೊಡೆಯುತ್ತದೆ. ಅದು ಹೆಚ್ಚು ಕರೆಂಟಿನ ಕಥೆ. ಎಲ್‌ಇಡಿಯದು ಅದಕ್ಕೆ ಪೂರಾ ಉಲ್ಟಾ.

ಎರಡನೆಯ ಕಾರಣವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಪರಿಚಯದವರೊಬ್ಬರು ಕೊಪ್ಪದಿಂದ ತಮ್ಮ ಗಾಡಿಯ ಚಾವಣಿ ದೀಪವನ್ನೇ ಬಿಚ್ಚಿ, ಪೇಪರಿನಲ್ಲಿ ಸುತ್ತಿ ತಂದರು. "ಎಲ್‌ಇಡಿ ಹಾಕಿದ ಮಾರನೇ ದಿನ ದೀಪವೂ ಹೋಯ್ತು, ಹಾರನ್ನೂ ಹೋಯ್ತು. ನೀವು ಹಾಕಿ ಅಂದಿದ್ರಿ" ಅಂದರು. ಬಲ್ಬನ್ನು ಹೊರತೆಗೆದು ತಿರುಗಿಸಿದೆ. ಅಗ್ಗದ ಮಾಲು. ಮುಂದುಗಡೆ ಎಲ್‌ಇಡಿ, ಹಿಂದುಗಡೆ ಮುಚ್ಚಿಗೆಯೇ ಇಲ್ಲದ ಬೆಸುಗೆಯ ಚುಕ್ಕಿಗಳು. ದೀಪದ ತಗಡಿನ ತಳದಲ್ಲಿ, ಸರಿಯಾಗಿ ಆ ಚುಕ್ಕಿಗೆ ಎದುರಾಗಿ, ಸಾಸಿವೆ ಕಾಳಿನಷ್ಟು ಕಪ್ಪು ಕಲೆ. ಕುಲುಕಾಟದಲ್ಲಿ ಬಲ್ಬು ಅರ್ಧ ಸುತ್ತು ತಿರುಗಿ ಬೆನ್ನು ತಗಡಿಗೆ ತಾಗಿತ್ತು. ಶಾರ್ಟ್ ಆಯಿತು, ಫ್ಯೂಸು ಹೋಯಿತು. ಹಾರನ್ ಯಾಕೆ ಹೋಯಿತು? ಬ್ರಿಟಿಷ್ ಮೂಲದ ಹಳೆ ಗಾಡಿಗಳಲ್ಲಿ ಸಾಮಾನ್ಯವಾಗಿ ಇಡೀ ಗಾಡಿಗೆ ಎರಡೇ ಗಾಜಿನ ಫ್ಯೂಸು. ಕೀ ತೆಗೆದರೂ ಕರೆಂಟು ಇರುವ ಹಾರನ್ನು ಮತ್ತು ಒಳದೀಪ ಒಂದೇ ಫ್ಯೂಸಿನ ಮೇಲೆ. ಬಲ್ಬಿನ ಬೆನ್ನಿಗೆ ಹೀಟ್ ಶ್ರಿಂಕಿನ (ಬಿಸಿ ತಾಗಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆಯ) ತುಂಡು ತೊಡಿಸಿ, ಫ್ಯೂಸು ಬದಲಿಸಿ ಕೊಟ್ಟೆ. ಅದೇ ಬಲ್ಬು ಅದೇ ಗಾಡಿಯಲ್ಲಿ ಇವತ್ತೂ ಉರಿಯುತ್ತಿದೆ.

ಅಲ್ಲಿ ಫ್ಯೂಸು ಹೋದದ್ದು ಅವರ ಪುಣ್ಯ. ನಮ್ಮ ಕಡೆಯ ಹಳೆ ಗಾಡಿಗಳಲ್ಲಿ ಫ್ಯೂಸಿನ ಜಾಗದಲ್ಲಿ ಏನೇನು ಇರುತ್ತದೆ ಅಂತ ಒಮ್ಮೆ ಬಾನೆಟ್ ಎತ್ತಿ ನೋಡಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ತಾಮ್ರದ ಎಳೆ, ಕೊನೆಗೆ ಮೊಳೆ. ಅಂಥ ಗಾಡಿಯಲ್ಲಿ ವೈರು ಸುಡಲು ಎಲ್‌ಇಡಿಯೇ ಬೇಕಿಲ್ಲ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಇಲಿಯೊಂದು ವೈರು ಕಡಿದರೂ ಸಾಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬ್ರಿಟಿಷ್ ಕಂಪನಿ ಲ್ಯೂಕಾಸ್‌ನ ಗಾಜಿನ ಫ್ಯೂಸಿನ ಮೇಲೆ 35 ಆಂಪಿಯರ್ ಅಂತ ಬರೆದಿದ್ದರೆ ಅದು ಸುಟ್ಟುಹೋಗುವ ಮಟ್ಟ. ಸತತವಾಗಿ ಹೊರಬಲ್ಲದ್ದು 17. ಅದನ್ನು ತಿಳಿಯದೆ ಈಗಿನ ಲೆಕ್ಕದ 35 ಆಂಪಿಯರ್ ಫ್ಯೂಸು ಹಾಕಿದರೆ ರಕ್ಷಣೆ ಅರ್ಧಕ್ಕೆ ಇಳಿಯಿತು. ಸರಿಯಾದ ಫ್ಯೂಸೇ ಇದ್ದರೂ, ಚಾವಣಿಗೆ ಹತ್ತುವ ತೆಳು ವೈರನ್ನು ಕಾಯಲು ಅದು ದಪ್ಪವೇ.

ಎಲ್‌ಇಡಿಯ ನಿಜವಾದ ಉಪಕಾರ ಇಲ್ಲಿದೆ. ಒಳದೀಪದ ಕರೆಂಟು ಇಷ್ಟು ಕಡಿಮೆಯಾದ ಮೇಲೆ, ಆ ವೈರು ಶುರುವಾಗುವ ಕಡೆಯೇ 1 ಆಂಪಿಯರಿನ ಸಣ್ಣ ಇನ್‌ಲೈನ್ ಫ್ಯೂಸು ಕೂರಿಸಬಹುದು. ಚಾವಣಿಯ ಬಟ್ಟೆಯೊಳಗೆ ಎಲ್ಲಾದರೂ ವೈರು ಗಾಡಿಯ ತಗಡಿಗೆ ತಾಗಿದರೆ ಆ ಫ್ಯೂಸು ಕ್ಷಣದಲ್ಲಿ ಹೋಗುತ್ತದೆ, ಹಾರನ್ ಉಳಿಯುತ್ತದೆ. ಎಲ್‌ಇಡಿ ಹಾಕಿದ ಹಳೆ ಗಾಡಿ ಹಾಕದ ಗಾಡಿಗಿಂತ ಹೆಚ್ಚು ಸುರಕ್ಷಿತವಾಗುವುದು ಹೀಗೆ. ಇದನ್ನು ಗ್ಯಾರೇಜಿನ ಹುಡುಗರಿಗೆ ಬಿಡಿಸಿ ಹೇಳಿದಾಗ ಅವರ ಮುಖದಲ್ಲಿ ತಿಳಿವು ಮೂಡುವುದನ್ನು ನೋಡುವುದೇ ನನಗೆ ಖುಷಿ.

ಈಗ ಯಾವ ಬಲ್ಬು ಅನ್ನುವುದು. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ನಿಂತು "ಅಂಬಾಸಿಡರಿಗೆ ಕೊಡಿ" ಅಂದರೆ ಕೆಲಸವಾಗುವುದಿಲ್ಲ, ಏಕೆಂದರೆ ಇಷ್ಟು ವರ್ಷದಲ್ಲಿ ದೀಪವನ್ನೇ ಯಾರೋ ಬದಲಿಸಿರಬಹುದು. ಎರಡು ತುದಿಗೂ ಲೋಹದ ಟೋಪಿ ಇರುವ ಕೊಳವೆಯಂಥದ್ದು ಫೆಸ್ಟೂನ್. ತುದಿಯಿಂದ ತುದಿಗೆ ಅಳೆಯಿರಿ: 31, 36, 39 ಅಥವಾ 41-42 ಮಿಲಿಮೀಟರ್ ಬರುತ್ತದೆ. 36ರ ಜಾಗಕ್ಕೆ 39 ತುರುಕಿದರೆ ಕ್ಲಿಪ್ಪು ಸೆಟೆದು ಮುರಿಯುತ್ತದೆ, 41ರ ಜಾಗಕ್ಕೆ 39 ಹಾಕಿದರೆ ಆಗುಂಬೆ ತಲುಪುವುದರೊಳಗೆ ಕಳಚಿ ಮಡಿಲಿಗೆ ಬೀಳುತ್ತದೆ. ಒತ್ತಿ ತಿರುಗಿಸುವ ಸಣ್ಣದು 9 ಮಿಲಿಮೀಟರ್ ಬುಡದ ಬಿಎ9ಎಸ್, ದೊಡ್ಡದು 15 ಮಿಲಿಮೀಟರಿನದು. ಬೆಳಕನ್ನು ವ್ಯಾಟಿನಲ್ಲಿ ಕೇಳಬೇಡಿ, ಲ್ಯೂಮೆನ್ ಕೇಳಿ. ಹಳೆಯ 5 ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಸುಮಾರು 50 ಲ್ಯೂಮೆನ್. 100 ಸಿಕ್ಕರೆ ಒಳಗೆ ಬಿದ್ದ ಚಿಲ್ಲರೆ ಹುಡುಕಲು ಧಾರಾಳ. ಬಣ್ಣ 2700ರಿಂದ 3000 ಕೆಲ್ವಿನ್ ಇರಲಿ. 6000ದ ನೀಲಿ ಬಿಳುಪು ಹಳೆ ರೆಕ್ಸಿನ್ ಸೀಟಿನ ಮೇಲೆ ಬಿದ್ದರೆ ಆಪರೇಷನ್ ಥಿಯೇಟರಿನ ಕಳೆ ಬರುತ್ತದೆ. ನನಗದು ಖಂಡಿತ ಒಪ್ಪಿಗೆಯಿಲ್ಲ.

ಪೆಟ್ಟಿಗೆಯ ಮೇಲೆ 10ರಿಂದ 30 ವೋಲ್ಟ್ ಅಂತ ಇರುವುದನ್ನೇ ಆರಿಸಿ. ಗಾಡಿ ಓಡುವಾಗ 12 ವೋಲ್ಟು 14ರ ಮೇಲೆ ಹೋಗುತ್ತದೆ. ಡೈನಮೋ ಇರುವ ಗಾಡಿಯ ಹಳೆ ರೆಗ್ಯುಲೇಟರ್ ಇನ್ನೂ ಮೇಲೆ ಜಿಗಿಸಬಹುದು. ಬರೀ ರೆಸಿಸ್ಟರ್ ಇಟ್ಟ ಅಗ್ಗದ ಬಲ್ಬು ಅಲ್ಲೇ ಸಾಯುವುದು. 6 ವೋಲ್ಟಿನ ಹಳೆ ಮಿಲಿಟರಿ ವಿಲ್ಲಿಸ್ ಜೀಪಿಗೆ 12ರ ಬಲ್ಬು ಆಗದು: ಅದರಲ್ಲಿ ಮೂರು ಎಲ್‌ಇಡಿ ಸಾಲಾಗಿ ಕೂತಿರುತ್ತವೆ, ಒಂದೊಂದಕ್ಕೂ ಸುಮಾರು 3 ವೋಲ್ಟ್ ಬೇಕು. ಬ್ಯಾಟರಿಯ ಪಾಸಿಟಿವ್ ಕಂಬವನ್ನು ಗಾಡಿಯ ತಗಡಿಗೆ ಜೋಡಿಸಿದ ಹಳೆ ಬ್ರಿಟಿಷ್ ಗಾಡಿಗಳೂ ನಮ್ಮ ತೋಟದ ಮನೆಗಳಲ್ಲಿ ಇವೆ. ಅಲ್ಲಿ ಫೆಸ್ಟೂನನ್ನು ಹಿಂದುಮುಂದಾಗಿ ಹಾಕಿದರೆ ಉರಿಯುತ್ತದೆ, ಬಿಎ9ಎಸ್ ತಿರುಗಿಸಿ ಹಾಕಲು ಬರುವುದಿಲ್ಲ. ಎರಡೂ ದಿಕ್ಕಿಗೆ ಉರಿಯುವಂಥದ್ದನ್ನೇ ಕೇಳಿ ತನ್ನಿ.

ಹಾಕಿದ ಮೇಲೆ, ಬಾಗಿಲು ಮುಚ್ಚಿದರೂ ಎಲ್‌ಇಡಿ ಮಿಣಮಿಣ ಅನ್ನುತ್ತದೆ ಅಂತ ಇನ್ನೊಂದು ದೂರು ಬರುತ್ತದೆ, ಅದೂ ಜುಲೈ-ಆಗಸ್ಟಿನಲ್ಲೇ. ಬಲ್ಬನ್ನು ಬೈಯಬೇಡಿ. ಬಾಗಿಲ ಕಂಬದಲ್ಲಿರುವ ಬಟನ್ ಸ್ವಿಚ್ಚನ್ನು ಬಿಚ್ಚಿ ಹೊರಗೆಳೆಯಿರಿ: ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಸುತ್ತ ತೇವದ ಪಸೆ. ಆ ಪಸೆಯಲ್ಲಿ ಒಂದೆರಡು ಮಿಲಿಆಂಪಿಯರ್ ಸೋರುತ್ತದೆ. ಮೊದಲೂ ಸೋರುತ್ತಿತ್ತು, ತಂತಿ ಬಲ್ಬಿಗೆ ಅಷ್ಟರಲ್ಲಿ ಕೆಂಪೇರಲೂ ಆಗುತ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಎಮರಿ ಹಾಳೆಯಲ್ಲಿ ಉಜ್ಜಿ, ಒಣಗಿಸಿ, ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಆಮೇಲೂ ಬಿಡದಿದ್ದರೆ ಬಲ್ಬಿಗೆ ಸಮಾನಾಂತರವಾಗಿ 1 ಕಿಲೋ-ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಹಾಕಿದರೆ ಆ ಸೋರಿಕೆ ಅದರ ಮೂಲಕ ಇಳಿದುಹೋಗಿ ಮಿಣುಕು ನಿಲ್ಲುತ್ತದೆ.

ಉತ್ಸಾಹ ಬಂದು ಡ್ಯಾಶ್‌ಬೋರ್ಡಿನ ಬಲ್ಬುಗಳನ್ನೂ ಬದಲಿಸಲು ಹೊರಟರೆ ಒಂದನ್ನು ಮಾತ್ರ ಮುಟ್ಟಬೇಡಿ: ಚಾರ್ಜಿಂಗ್ ತೋರಿಸುವ ಕೆಂಪು ದೀಪ. ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇರುವ ಹಳೆ ಗಾಡಿಯಲ್ಲಿ ಆ ಪುಟ್ಟ ತಂತಿ ಬಲ್ಬಿನ ಮೂಲಕ ಹರಿಯುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಎಲ್‌ಇಡಿ ಅಷ್ಟು ಕರೆಂಟು ಬಿಡುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಚಾರ್ಜ್ ಮಾತ್ರ ಆಗದೆ ಉಳಿಯಬಹುದು. ಸಂಜೆ ಹೆಡ್‌ಲೈಟ್ ಹಾಕಿದ ಮೇಲೆ ಗೊತ್ತಾಗುತ್ತದೆ. ಮೀಟರಿನ ಬೆಳಕು ತಗ್ಗಿಸುವ ತಿರುಗುಗುಂಡಿಯೂ ಎಲ್‌ಇಡಿಗೆ ಸರಿಯಾಗಿ ಮಾತು ಕೇಳುವುದಿಲ್ಲ.

ಯಾರೂ ನೇರವಾಗಿ ಕೇಳದ ಒಂದು ವಿಷಯ ಹೇಳಲೇಬೇಕು. ಒಳದೀಪ ಚೆನ್ನಾಗಿ ಬೆಳಗಿದ ಮೇಲೆ ಅದನ್ನು ಉರಿಸಿಕೊಂಡೇ ಘಾಟಿ ಇಳಿಯುವವರನ್ನು ನೋಡಿದ್ದೇನೆ, ಹಿಂದಿನ ಸೀಟಿನಲ್ಲಿ ಮಗುವಿಗೆ ತಿನ್ನಿಸಲು, ಎಲೆಅಡಿಕೆ ಹಾಕಿಕೊಳ್ಳಲು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ತಲೆಯ ಮೇಲಿನ ದೀಪ ಅದನ್ನು ಒಂದು ಗಳಿಗೆಯಲ್ಲಿ ಅಳಿಸುತ್ತದೆ. ಹಳೆ ಗಾಡಿಯ ಗಾಜು ಎದೆಗೆ ಹತ್ತಿರ, ಒಳಗಿನ ಬೆಳಕೆಲ್ಲ ಅದರ ಮೇಲೆ ಬಿಂಬವಾಗಿ ಕೂರುತ್ತದೆ. ಹೊರಗೆ ಮಂಜು, ಗಾಜಿನ ಒಳಗೆ ಉಸಿರಿನ ಹಬೆ, ನಡುವೆ ನಿಮ್ಮದೇ ಮುಖ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಎದುರಿನ ಬಸ್ಸಿನ ದೀಪ ಆಗ ಕಾಣುವುದೇ ತಡವಾಗಿ. ಹಿಂದಿನ ಸೀಟಿಗೆ ಬೆಳಕು ಬೇಕೇಬೇಕು ಅಂದರೆ ಮುಂದಿನ ಸೀಟಿನ ಬೆನ್ನ ಕೆಳಗೆ, ಕಾಲಿನ ಮಟ್ಟದಲ್ಲಿ, 3000 ಕೆಲ್ವಿನ್ನಿನ ಸಣ್ಣದೊಂದು ಎಲ್‌ಇಡಿಯನ್ನು ಬೇರೆ ಸ್ವಿಚ್ಚಿಗೆ ಕೊಡಿ. ಅದೇ 1 ಆಂಪಿಯರಿನ ಫ್ಯೂಸು ಎರಡನ್ನೂ ಹೊರುತ್ತದೆ. ಚಾವಣಿಯ ದೀಪ ಬೇಕಾದರೆ ತಿರುವು ದಾಟಿ, ಅಗಲವಿರುವ ಕಡೆ ಗಾಡಿ ನಿಲ್ಲಿಸಿ ಹಾಕಿ. ಆರಿಸಿದ ಮೇಲೆ ಕಣ್ಣಿಗೆ ನಾಲ್ಕಾರು ನಿಮಿಷ ಬಿಟ್ಟು ಗೇರ್ ಹಾಕಿ.