ಗೆಫಿಟಿನಿಬ್: ಆ ಮೊದಲ ನಾಲ್ಕು ವಾರ

ದಿನಕ್ಕೆ ಒಂದೇ ಮಾತ್ರೆ, 250 ಮಿಲಿಗ್ರಾಂ. ಡ್ರಿಪ್ ಹಾಕಿಸಿಕೊಳ್ಳಬೇಕಿಲ್ಲ. ಕೀಮೋದಲ್ಲಿ ಆಗುವಷ್ಟು ಸುಸ್ತೂ ಇಲ್ಲ. 2002ರ ಜುಲೈನಲ್ಲಿ ಜಪಾನ್ ಜಗತ್ತಿನಲ್ಲೇ ಮೊದಲು ಗೆಫಿಟಿನಿಬ್‌ಗೆ ಒಪ್ಪಿಗೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಎಷ್ಟು ಆಸೆ ಹುಟ್ಟಿರಬೇಡ!

ಮೂರು ತಿಂಗಳಲ್ಲೇ ಕೆಟ್ಟ ಸುದ್ದಿ ಬಂತು. ಮಾತ್ರೆ ಶುರು ಮಾಡಿದ ಕೆಲವರಿಗೆ ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟವಾಯಿತು, ಕೆಲವರು ತೀರಿಕೊಂಡರು. ಶ್ವಾಸಕೋಶದ ಗಾಳಿಚೀಲಗಳ ತೆಳು ಗೋಡೆಗೇ ಉರಿಯೂತ ಬಂದಿತ್ತು. ಔಷಧದ ಜೊತೆ ಬರುವ ಮಾಹಿತಿ ಪತ್ರದಲ್ಲಿ ಈ ತೊಂದರೆಯ ಹೆಸರು ಇರಲಿಲ್ಲ ಅಂತಲ್ಲ. ಇತ್ತು, ಆದರೆ ಗಂಭೀರ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ನಾಲ್ಕನೆಯದಾಗಿ. ಅಕ್ಟೋಬರ್‌ನಲ್ಲಿ ವೈದ್ಯರಿಗೆ ತುರ್ತು ಎಚ್ಚರಿಕೆ ಪತ್ರ ಹೋಯಿತು, ಆ ಸಾಲು ಮಾಹಿತಿ ಪತ್ರದ ಮೇಲ್ತುದಿಗೆ ಬಂತು. ಮೊದಲ ನಾಲ್ಕು ವಾರ ರೋಗಿಯನ್ನು ಆಸ್ಪತ್ರೆಯಲ್ಲಿಟ್ಟೋ ಅಷ್ಟೇ ಹತ್ತಿರದಿಂದಲೋ ನೋಡಿಕೊಳ್ಳಬೇಕು ಎಂಬ ಸೂಚನೆಯೂ ಆ ವರ್ಷವೇ ಸೇರಿತು. ತೀರಿಕೊಂಡವರ ಮನೆಯವರು ಔಷಧ ಕಂಪನಿ ಮತ್ತು ಸರ್ಕಾರದ ಮೇಲೆ ಹೂಡಿದ ಮೊಕದ್ದಮೆ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಅವರ ವಿರುದ್ಧವೇ ಮುಗಿಯಿತು. ಆದರೂ ಎಚ್ಚರಿಕೆ ಎಲ್ಲಿ ಅಚ್ಚಾಗಿದೆ ಎನ್ನುವುದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಯಾರಿಗೆ ಕೊಡಬೇಕು ಎಂಬುದು ತಿಳಿದದ್ದು ಇನ್ನೂ ತಡವಾಗಿ. ಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ, ಗೆಡ್ಡೆಯೊಳಗೆ, ಬದಲಾವಣೆ ಇದ್ದವರಿಗೇ ಮಾತ್ರೆ ಚೆನ್ನಾಗಿ ನಾಟುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಎಲ್ಲರಿಗೂ ಕೊಟ್ಟು ನೋಡಿದಾಗ ಆಯಸ್ಸು ಹೆಚ್ಚಿದ್ದು ಕಾಣದೆ, 2005ರಲ್ಲಿ ಅಮೆರಿಕ ಬಳಕೆಗೆ ಕಡಿವಾಣ ಹಾಕಿತು. ಗೆಫಿಟಿನಿಬ್ ಮತ್ತು ಕೀಮೋವನ್ನು ಹೋಲಿಸಿ ನೋಡಿದ ಐಪಾಸ್ ಅಧ್ಯಯನ 2009ರಲ್ಲಿ ವಿಷಯ ಸ್ಪಷ್ಟಪಡಿಸಿತು: ಬದಲಾವಣೆ ಇಲ್ಲದವರಿಗೆ ಕೀಮೋನೇ ಮೇಲು. ಅಮೆರಿಕ 2015ರಲ್ಲಿ ಮತ್ತೆ ಒಪ್ಪಿದ್ದು ಜೀನ್ ಪರೀಕ್ಷೆಯ ಷರತ್ತಿನ ಮೇಲೆ.

ಹಾಗಾಗಿ ಚೀಟಿ ಬರೆಯುವ ಮೊದಲು ಜೀನ್ ವರದಿ ಕೈಯಲ್ಲಿರಬೇಕು. ರೋಗಿ ಬೇರೆ ಏನೇನು ನುಂಗುತ್ತಿದ್ದಾರೆ ಎಂದೂ ಕೇಳಬೇಕು. ಅಸಿಡಿಟಿ ಮಾತ್ರೆ ಜಾಸ್ತಿಯಾದರೆ ಗೆಫಿಟಿನಿಬ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಗೆಫಿಟಿನಿಬ್ ಮೈಯಲ್ಲಿ ಬೇಗ ಒಡೆದು ಖಾಲಿಯಾಗುವಂತೆ ಮಾಡಿಬಿಡುತ್ತವೆ. ಲಿವರ್ ಪರೀಕ್ಷೆ ಆಗಾಗ ಆಗಬೇಕು. ಇದೇ ಬಗೆಯ, ಈಗ ಹೆಚ್ಚು ಬಳಕೆಯಲ್ಲಿರುವ ಒಸಿಮರ್ಟಿನಿಬ್ ಎಂಬ ಮಾತ್ರೆ ಆದರೆ ಹೃದಯದ ಮೇಲೂ ಕಣ್ಣಿಡಬೇಕು, ಇಸಿಜಿ ಬೇಕಾಗುತ್ತದೆ.

ಇವೆಲ್ಲಕ್ಕಿಂತ ಕಷ್ಟ ಉಸಿರಿನದ್ದೇ. ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಕೆಮ್ಮು, ಏದುಸಿರು ಮೊದಲಿಂದಲೂ ಇರುತ್ತದೆ, ಅಲ್ವಾ? ಹೊಸ ಒಣಕೆಮ್ಮನ್ನು 'ಇದು ಕಾಯಿಲೆಯದೇ' ಅಂತ ಸುಮ್ನೆ ಬಿಡುವುದು ಸುಲಭ. ಅದಕ್ಕೇ 'ಹೇಗಿದ್ದೀರಿ' ಅಂತಷ್ಟೇ ಕೇಳಿದರೆ ಸಾಲದು. 'ಹೋದ ವಾರ ಹತ್ತಿದ ಮೆಟ್ಟಿಲು ಈ ವಾರ ಹತ್ತೋಕೆ ಆಗ್ತಿದೆಯಾ?' ಅಂತ ಕೇಳಬೇಕು. ಆಗುತ್ತಿಲ್ಲ ಎಂದರೆ ಅವತ್ತೇ ಮಾತ್ರೆ ನಿಲ್ಲಿಸಿ, ಸಿಟಿ ಸ್ಕ್ಯಾನ್‌ಗೆ ಕಳಿಸಬೇಕು.