ಮಾತ್ರೆಯಿಂದ ತಮ್ಮನ ತಲೆ ಮಂಕಾಯಿತು, ನಿಲ್ಲಿಸೋಣವಾ?

ಪ್ರಶ್ನೆ: ಮೇಡಂ, ನಮ್ಮದು ಸಿಂಧನೂರು ಹತ್ತಿರ ಹಳ್ಳಿ. ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ ಅಂತ ಹೇಳಿ ಎರಡು ವರ್ಷ ಆಯ್ತು. ಈಗ ಜಗಳ, ಓಡಾಟ ಏನೂ ಇಲ್ಲ. ಆದರೆ ಮೊದಲಿನ ಚುರುಕಿಲ್ಲ. ಹೇಳಿದ್ದು ಮರೀತಾನೆ, ಅಂಗಡಿ ಲೆಕ್ಕ ತಪ್ಪಿಸ್ತಾನೆ. ಎಲ್ಲರೂ ಮಾತ್ರೆಯಿಂದಲೇ ಅಂತಾರೆ. ನಿಲ್ಲಿಸಿ ನೋಡೋಣವಾ?

ಉತ್ತರ: ಬೇಡಮ್ಮಾ. ನಿಲ್ಲಿಸಬೇಡಿ.

ಈ ಪ್ರಶ್ನೆ ಗಂಗಾವತಿಯಿಂದ ಬರುತ್ತದೆ, ಕಂಪ್ಲಿಯಿಂದ ಬರುತ್ತದೆ, ಮಾನ್ವಿಯಿಂದ ಬರುತ್ತದೆ. ಮಾತು ಮಾತ್ರ ಒಂದೇ, "ಮಾತ್ರೆ ತಿಂದೂ ತಿಂದೂ ಬುದ್ಧಿ ಮಂಕಾಯ್ತು." ಪ್ರತಿ ಸಲ ಬರೆಯುತ್ತೇನೆ, ಮುಂದಿನ ವಾರ ಮತ್ತೆ ಅದೇ. ಇವತ್ತು ಉದ್ದಕ್ಕೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲಿನ ಚುರುಕು ಅಂದಿರಲ್ಲ, ಅದು ಯಾವಾಗಿನದು? ಕೆದಕಿ ಕೇಳಿದರೆ ಎಷ್ಟೋ ಮನೆಯವರು ಹೇಳುವುದು ಹೀಗಿರುತ್ತದೆ: ರಾತ್ರಿ ಎರಡು ತಾಸು ಮಲಗಿ ನಾಲ್ಕಕ್ಕೇ ಎದ್ದು ಅಂಗಡಿ ತೆಗೆಯುತ್ತಿದ್ದ, ಒಂದೇ ದಿನ ಹತ್ತು ಊರು ತಿರುಗುತ್ತಿದ್ದ, ಮಾತಿನಲ್ಲಿ ಅವನನ್ನು ಯಾರೂ ಗೆಲ್ಲುತ್ತಿರಲಿಲ್ಲ. ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರುವ, ಅಂದರೆ ಉನ್ಮಾದದ, ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಆಗ ಕಾಯಿಲೆ ಏರುತ್ತಾ ಇತ್ತಮ್ಮಾ. ಆ ದಿನಗಳನ್ನು ಮುಂದಿಟ್ಟುಕೊಂಡು ಅಳೆದರೆ ನೆಟ್ಟಗಿರುವ ಮನುಷ್ಯನೂ ಮಂಕಾಗಿಯೇ ಕಾಣುತ್ತಾನೆ.

ಹಾಗಂತ ಮರೆವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮನಸ್ಸು ಸಮಕ್ಕೆ ಬಂದ ಮೇಲೂ ಇವರಲ್ಲಿ ಎಷ್ಟೋ ಜನಕ್ಕೆ ಗಮನ ಇಡುವುದು, ಕೇಳಿದ ಮಾತು ನೆನಪಿಡುವುದು, ಎರಡು ಮೂರು ಕೆಲಸ ಹೊಂದಿಸಿಕೊಳ್ಳುವುದು ಕಷ್ಟವಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಕಾಯಿಲೆಯದ್ದೇ. ಹೆಚ್ಚು ಸಲ ಏರಿ ಇಳಿದವರಲ್ಲಿ ಈ ತೊಂದರೆಯೂ ಜಾಸ್ತಿ ಕಾಣುತ್ತದೆ. ಮಾತ್ರೆ ಇರುವುದೇ ಆ ಏರಿಳಿತ ಮತ್ತೆ ಬರದಂತೆ ತಡೆಯಲು. ಈಗ ನೀವೇ ಯೋಚಿಸಿ, ನಿಲ್ಲಿಸಿದರೆ ಯಾವುದನ್ನು ಮನೆಗೆ ಕರೆದಂತಾಯಿತು? ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯನ್ನು ದಿಢೀರನೆ ಬಿಟ್ಟವರಲ್ಲಿ ಉನ್ಮಾದ ಬೇಗ ಮರಳುತ್ತದೆ, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಸುಮ್ನೆ ನಿಲ್ಲಿಸಿ ನೋಡೋಣ ಅಂದವರ ಮನೆಯ ಸ್ಥಿತಿ ಕಣ್ಣಾರೆ ನೋಡಿದ್ದೇನೆ.

"ಎಲ್ಲಾ ನಿದ್ದೆ ಗುಳಿಗೆ ಕೊಡ್ತಾರೆ" ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಲಿಥಿಯಂ ನಿದ್ದೆ ಗುಳಿಗೆಯಲ್ಲ, ಚಟ ಹಿಡಿಸುವಂಥದ್ದೂ ಅಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದನ್ನು ಕೊಟ್ಟು, ಗುಣ ಕಂಡದ್ದನ್ನು ಪ್ರಕಟಿಸಿದರು. ಇವತ್ತಿಗೂ ಬೈಪೋಲಾರ್‌ಗೆ ಮುಖ್ಯ ಔಷಧ ಅದು. ನಿದ್ದೆ ಬರಿಸುವುದು ಇದೇ ಕಾಯಿಲೆಗೆ ಕೊಡುವ ಒಲಾಂಜಪಿನ್, ಕ್ವಿಟಯಾಪಿನ್ ತರಹದ ಬೇರೆ ಮಾತ್ರೆಗಳು. ಲಿಥಿಯಂನಿಂದಲೂ ಕೆಲವರಿಗೆ ತಲೆ ಸ್ವಲ್ಪ ನಿಧಾನವಾಗುತ್ತದೆ, ಮುಚ್ಚಿಡುವುದಿಲ್ಲ. ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಪ್ರಮಾಣ ಇಳಿಸಬಹುದು, ಹೊತ್ತು ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಲಿಥಿಯಂ ತೆಗೆದುಕೊಳ್ಳುವ ಕೆಲವರಿಗೆ ಥೈರಾಯ್ಡ್ ಕಮ್ಮಿಯಾಗುತ್ತದೆ, ಆಗಲೂ ಮಂಕು, ಮರೆವು, ಸುಸ್ತು ಬರುತ್ತವೆ, ಅದಕ್ಕೆ ಚಿಕಿತ್ಸೆ ಇದೆ. ಒಳಗೆ ಸಣ್ಣಗೆ ಉಳಿದ ಖಿನ್ನತೆಯೂ ಹೊರಗೆ ಹೀಗೇ ಕಾಣುತ್ತದೆ.

ಇನ್ನು ಅಂಗಡಿ ಲೆಕ್ಕ. ನನಗೆ ಗೊತ್ತಿರುವ ಒಬ್ಬರದು ಗೊಬ್ಬರದ ಅಂಗಡಿ, ಇದೇ ಕಾಯಿಲೆ. ಅವರ ಜೇಬಲ್ಲಿ ಸಣ್ಣ ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ನು. ಎಡಗಡೆ ಪುಟದಲ್ಲಿ ಉದ್ರಿ: ಯಾರು, ಎಷ್ಟು ಚೀಲ ಯೂರಿಯಾ, ಎಷ್ಟು ಬಾಕಿ. ಬಲಗಡೆ ಪುಟದಲ್ಲಿ ನಿದ್ದೆ: ಮಲಗಿದ್ದು ಹತ್ತೂವರೆ, ಎದ್ದದ್ದು ಐದೂವರೆ. ಗಿರಾಕಿ ಹೇಳಿದ್ದನ್ನು ಮೊದಲು ಬರೆಯುತ್ತಾರೆ, ಆಮೇಲೇ ಚೀಲ ಮುಟ್ಟುತ್ತಾರೆ. ಮೊದಮೊದಲು ಅರ್ಧ ದಿನ ಕೂತರು, ಗಲ್ಲಾ ಅಣ್ಣನ ಕೈಯಲ್ಲಿತ್ತು. ಎಂಟು ತಿಂಗಳಿಗೆ ಪೂರ್ತಿ ಅಂಗಡಿ ಅವರದ್ದಾಯಿತು. ಎರಡು ರಾತ್ರಿ ನಿದ್ದೆ ನಾಲ್ಕು ತಾಸಿಗೆ ಇಳಿದರೆ ಹೆಂಡತಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಆ ನೋಟ್‌ಬುಕ್ ನೋಡಿದ ದಿನ ನನಗೆ ಎಷ್ಟು ಹೆಮ್ಮೆಯಾಯಿತೋ ಹೇಳಲಾರೆ. ನಿಮ್ಮ ತಮ್ಮನಿಗೂ ಇದನ್ನೇ ಕಲಿಸಿ. ಒಂದು ಹೊತ್ತಿಗೆ ಒಂದೇ ಕೆಲಸ ಹೇಳಿ. ರೈಸ್ ಮಿಲ್ಲಿನ ರಾತ್ರಿ ಪಾಳಿ ಬೇಡ. ಹುಲಿಗೆಮ್ಮನ ದರ್ಶನಕ್ಕೆ ಕರೆದುಕೊಂಡು ಹೋಗಿ, ಆದರೆ ರಾತ್ರಿಯೆಲ್ಲಾ ಜಾಗರಣೆ ಬೇಡ. ನಿದ್ದೆ ಕೆಟ್ಟರೆ ಉನ್ಮಾದ ಶುರುವಾಗಬಹುದು.

ಇದಕ್ಕೆಲ್ಲಾ ಬೆಂಗಳೂರಿಗೇ ಹೋಗಬೇಕು ಅಂತಲೂ ಇಲ್ಲ. 1985ರಿಂದ ಐದು ವರ್ಷ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಸೀಮೆ, ನಾವೇ ಮರೆತರೆ ಹೇಗೆ? ರಾತ್ರಿ ಹೊತ್ತಲ್ಲಿ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಮ್ಮನ ಚೀಟಿಯಲ್ಲಿ ಲಿಥಿಯಂ ಇದೆಯಾ ನೋಡಿ. ಬೆವರು ಸುರಿದು ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ ಭೇದಿಯಾದರೂ ಅಷ್ಟೇ. ಹೊಲಕ್ಕೆ ಹೋದರೆ ನೀರಿನ ಬಾಟಲಿ ಜೊತೆಗಿರಲಿ, ಯಾರದೋ ಮಾತು ಕೇಳಿ ಊಟದಲ್ಲಿ ಉಪ್ಪು ಬಿಡಿಸಬೇಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಿಸಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಲಿಥಿಯಂ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗುವ ಮೊದಲು, ರಾತ್ರಿ ಮಾತ್ರೆಯಾಗಿ 12 ತಾಸಿಗೆ ರಕ್ತ ಕೊಡಬೇಕು. ಸಾಮಾನ್ಯವಾಗಿ ರಿಪೋರ್ಟಿನಲ್ಲಿ ಲಿಥಿಯಂ 0.6ರಿಂದ 1.0 (mmol/L) ಒಳಗಿದ್ದರೆ ಸರಿ. ಕೈ ಜೋರಾಗಿ ನಡುಗಿದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ಲಿಥಿಯಂ ಅತಿಯಾಗಿ ಏರಿರಬಹುದು, ಆ ಹೊತ್ತಿನ ಲಿಥಿಯಂ ಮಾತ್ರೆ ಕೊಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ಡ್ಯೂಟಿ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ, ಇವನು ಲಿಥಿಯಂ ತೆಗೆದುಕೊಳ್ಳುತ್ತಾನೆ ಅಂತ.