ಆಕ್ಟೋಪಸ್: ಬಣ್ಣ ತೊಳೆದ ಮೇಲೆ ಗುರುತು ಹಿಡಿಯುವ ಕಷ್ಟ

ಮಂಗಳೂರಿನ ದಕ್ಕೆಯಲ್ಲಿ ‘ಬೊಂಡಾಸ್’ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ನೀಳ ಮೈಯ, ತುದಿಯಲ್ಲಿ ಈಜುರೆಕ್ಕೆಯಿರುವ ಸ್ಕ್ವಿಡ್ ಅದು. ಅದರ ಜೊತೆಗೇ ಬಲೆಗೆ ಬಿದ್ದು ಬರುವ, ಬುಟ್ಟಿಗೆ ಹಾಕಿದರೆ ಬುಟ್ಟಿಯ ಆಕಾರವನ್ನೇ ತಾಳುವ ಇನ್ನೊಂದು ಪ್ರಾಣಿಗೆ ಮಾತ್ರ ನಾವು ಗ್ರೀಕ್ ಮೂಲದ ಹೆಸರನ್ನೇ ಇಟ್ಟುಕೊಂಡಿದ್ದೇವೆ. ‘ಆಕ್ಟೊ’ ಎಂದರೆ ಎಂಟು, ‘ಪೂಸ್’ ಎಂದರೆ ಕಾಲು.

ಇದನ್ನು ‘ಅಷ್ಟಪಾದಿ’ ಎಂದು ಕನ್ನಡಿಸಿದವರಿದ್ದಾರೆ. ನನಗೆ ಆ ಪದ ಒಗ್ಗುವುದಿಲ್ಲ. ಜೇಡಕ್ಕೂ ಎಂಟು ಕಾಲು, ಚೇಳಿಗೂ ಎಂಟು ಕಾಲು. ನಾಲಿಗೆ ತುಸು ಜಾರಿ ‘ಅಷ್ಟಪದಿ’ ಎಂದರಂತೂ ಜಯದೇವನ ಹಾಡಾಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವು ಕಾಲುಗಳೇ ಅಲ್ಲ. ಬುಡದಿಂದ ತುದಿಯವರೆಗೂ ಹೀರುಬಟ್ಟಲುಗಳಿರುವ, ಹಿಡಿಯುವ, ತಡಕುವ, ರುಚಿಯನ್ನೂ ನೋಡುವ ಕೈಗಳು. ಇಡೀ ಮೈಯಲ್ಲಿರುವ ಸುಮಾರು 50 ಕೋಟಿ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎಂಟು ಕೈಗಳಲ್ಲೇ ಇವೆ. ಬೊಂಡಾಸಿಗೂ ಕಟಲ್‌ಫಿಶ್‌ಗೂ ಎಂಟು ಕೈಗಳಲ್ಲದೆ, ಬೇಟೆಯ ಮೇಲೆ ಚಾಚಿ ಎಳೆದುಕೊಳ್ಳುವ ಎರಡು ಉದ್ದನೆಯ ಬಳ್ಳಿಗಳೂ ಇರುತ್ತವೆ. ಆಕ್ಟೋಪಸ್‌ಗೆ ಅವಿಲ್ಲ. ದಕ್ಕೆಯಲ್ಲಿ ಗುರುತಿಸಲು ಇಷ್ಟು ಸಾಕು.

ಈ ಮೂರೂ ಮೃದ್ವಂಗಿಗಳು, ಅಂದರೆ ಬಸವನಹುಳು, ಕಪ್ಪೆಚಿಪ್ಪುಗಳ ದಾಯಾದಿಗಳು. ತಲೆಗೇ ಕೈಗಳು ಅಂಟಿಕೊಂಡಿರುವುದರಿಂದ ಇವುಗಳ ವರ್ಗಕ್ಕೆ ‘ಶಿರಪಾದಿ’ ಎಂದು ಹೆಸರು. ಅಜ್ಜನ ಕಾಲದ ಚಿಪ್ಪನ್ನು ಯಾರು ಎಷ್ಟು ಉಳಿಸಿಕೊಂಡರು ಎನ್ನುವುದೇ ಇವುಗಳ ನಡುವಿನ ವ್ಯತ್ಯಾಸ. ಕಟಲ್‌ಫಿಶ್ ಅದನ್ನು ಮೈಯೊಳಗೆ ಇಟ್ಟುಕೊಂಡಿದೆ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂದು ಮಾರುವ ಬಿಳಿಯ ಹಗುರ ತುಂಡು ಅದೇ. ಬೊಂಡಾಸಿನಲ್ಲಿ ಅದು ಪಾರದರ್ಶಕ ಕಡ್ಡಿಯಾಗಿ ಉಳಿದಿದೆ. ಆಕ್ಟೋಪಸ್ ಬಹುಪಾಲು ಎಲ್ಲವನ್ನೂ ಬಿಟ್ಟುಕೊಟ್ಟಿದೆ. ಅದರ ಮೈಯಲ್ಲಿ ಗಟ್ಟಿ ಎನ್ನುವಂಥದ್ದು ಗಿಳಿಯ ಕೊಕ್ಕಿನಂಥ ಬಾಯಿಯೊಂದೇ. ಆ ಕೊಕ್ಕು ತೂರುವ ಸಂದಿಯಲ್ಲಿ ಮೈಯೂ ತೂರುತ್ತದೆ.

ವರ್ಗೀಕರಣದ ತಲೆನೋವು ಶುರುವಾಗುವುದು ಇಲ್ಲಿಂದಲೇ. 1758ರಲ್ಲಿ, ಜೀವಿಗಳಿಗೆ ಜೋಡಿಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ ಆಕ್ಟೋಪಸ್ಸನ್ನೂ ಕಟಲ್‌ಫಿಶ್ಶನ್ನೂ ‘ಸೆಪಿಯಾ’ ಎಂಬ ಒಂದೇ ಕುಲಕ್ಕೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿಗೆ, ಸೇರಿಸಿದ್ದ. ಆ ಶತಮಾನದ ಕೊನೆಗೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯೂವಿಯೇ ಅವನ್ನು ಬೇರ್ಪಡಿಸಿ ‘ಆಕ್ಟೋಪಸ್’ ಕುಲವನ್ನು ಕಟ್ಟಿದ. ಆಮೇಲೆ ಎಂಟು ಕೈ, ಪ್ರತಿ ಕೈಯಲ್ಲಿ ಎರಡು ಸಾಲು ಹೀರುಬಟ್ಟಲು ಕಂಡದ್ದನ್ನೆಲ್ಲ ಆ ಚೀಲಕ್ಕೇ ತುಂಬುತ್ತ ಬಂದರು. ಬೇರೆ ದಾರಿಯೂ ಇರಲಿಲ್ಲ. ಮೀನಿಗಾದರೆ ಮುಳ್ಳಿದೆ, ಹುರುಪೆಯಿದೆ. ಕವಡೆಗೆ ಚಿಪ್ಪಿದೆ. ಫಾರ್ಮಲಿನ್ ಬಾಟಲಿಯಲ್ಲಿ ಕೂತ ಆಕ್ಟೋಪಸ್ ಮುದುಡಿದ ಬಿಳಿಚು ಮುದ್ದೆ. ಯಕ್ಷಗಾನದ ಚೌಕಿಗೆ ಬೆಳಗಿನ ಜಾವ ಹೋಗಿ, ಬಣ್ಣ ತೊಳೆದು ಮಲಗಿದವರಲ್ಲಿ ರಾತ್ರಿಯ ರಾಕ್ಷಸ ಯಾರು, ಸ್ತ್ರೀವೇಷ ಯಾರದು ಎಂದು ಹೇಳಿದಂತೆ ಅದು.

ಜೀವಂತ ಪ್ರಾಣಿಯ ವೇಷವೋ ಕ್ಷಣಕ್ಕೊಂದು. ಚರ್ಮದಲ್ಲಿ ಸಾವಿರಾರು ಬಣ್ಣದ ಚೀಲಗಳಿದ್ದು, ಪ್ರತಿಯೊಂದರ ಸುತ್ತ ಸಣ್ಣ ಸ್ನಾಯುಗಳಿವೆ. ಸ್ನಾಯು ಎಳೆದರೆ ಚೀಲ ಹರಡಿ ಬಣ್ಣ ಕಾಣುತ್ತದೆ, ಬಿಟ್ಟರೆ ಚುಕ್ಕೆಯಾಗಿ ಮರೆಯಾಗುತ್ತದೆ. ಆ ಸ್ನಾಯುಗಳಿಗೆ ಮಿದುಳಿನಿಂದ ನೇರ ನರಗಳಿರುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಬದಲಾಗುತ್ತದೆ. ಕೆಳಪದರದಲ್ಲಿ ಬೆಳಕನ್ನು ಪ್ರತಿಫಲಿಸುವ ಕೋಶಗಳು ಬೇರೆ. ಸಾಲದ್ದಕ್ಕೆ ಚರ್ಮವನ್ನೇ ಮುಳ್ಳುಮುಳ್ಳಾಗಿ ಎಬ್ಬಿಸಿ ಹವಳದಂತೆಯೋ ಪಾಚಿಯಂತೆಯೋ ಒರಟಾಗಿಸಿಕೊಳ್ಳುತ್ತದೆ. ಇಷ್ಟೆಲ್ಲ ಮಾಡುವ ಪ್ರಾಣಿಯ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶ ಒಂದೇ ಬಗೆಯದು. ನಮ್ಮ ಲೆಕ್ಕದಲ್ಲಿ ಅದಕ್ಕೆ ಬಣ್ಣಗುರುಡು.

ಉಷ್ಣವಲಯದ ಹವಳದ ದಿಬ್ಬಗಳಲ್ಲಿ ಈ ಆಟವನ್ನು ಹಗಲಿನಲ್ಲೇ ಆಡುವುದು ‘ಆಕ್ಟೋಪಸ್ ಸಯಾನಿಯ’. 1849ರಲ್ಲಿ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟ ಈ ಪ್ರಭೇದ ಪೂರ್ವ ಆಫ್ರಿಕದಿಂದ ಹವಾಯಿವರೆಗೂ ಇದೆ. ಬಹಳಷ್ಟು ಆಕ್ಟೋಪಸ್‌ಗಳು ರಾತ್ರಿಪಾಳಿಯವು, ಇದು ಹಗಲುಪಾಳಿ. ಬೇಟೆಗೆ ಹೊರಟಾಗ ಗಂಟೆಗೆ ನೂರಕ್ಕೂ ಹೆಚ್ಚು ಸಲ ವೇಷ ಬದಲಿಸುವುದನ್ನು ನೀರಿನಡಿಯ ಕ್ಯಾಮೆರಾಗಳು ಹಿಡಿದಿವೆ. ಕೆಂಪು ಸಮುದ್ರದಲ್ಲಿ ಇದು ಮೀನುಗಳ ಜೊತೆ ಸೇರಿ ಬೇಟೆಯಾಡುತ್ತದೆ. ಪಾಲುಗಾರ ಮೀನು ಕಿರಿಕಿರಿ ಮಾಡಿದರೆ ಒಂದು ಕೈ ಬೀಸಿ ಗುದ್ದುತ್ತದೆ ಎಂದು 2020ರಲ್ಲಿ ಸಂಶೋಧಕರು ವರದಿ ಮಾಡಿದರು. ಲಕ್ಷದ್ವೀಪದಲ್ಲಿ ಆಕ್ಟೋಪಸ್‌ಗೆ ‘ಅಪ್ಪಲ್’ ಎಂದು ಹೆಸರು. ಅಲ್ಲಿಯವರು ನೀರು ಇಳಿದಾಗ ಹವಳದ ದಿಬ್ಬದ ಮೇಲೆ ನಡೆದು, ಬಿಲ ಹುಡುಕಿ, ಕಬ್ಬಿಣದ ಸರಳಿನಿಂದ ತಿವಿದು ಹಿಡಿಯುತ್ತಾರೆ. ಆ ದ್ವೀಪಗಳಲ್ಲಿ ಅಮಿನಿದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಹಾಗಾಗಿ ‘ಅಪ್ಪಲ್’ ನಮಗೆ ತೀರ ದೂರದ ಮಾತಲ್ಲ.

ಬಣ್ಣ ನಂಬುವಂತಿಲ್ಲದಿದ್ದರೆ ಪ್ರಭೇದಗಳನ್ನು ಬೇರ್ಪಡಿಸುವುದು ಹೇಗೆ? ಕೈಗಳ ಉದ್ದದ ಅನುಪಾತ, ಹೀರುಬಟ್ಟಲುಗಳ ಎಣಿಕೆ, ಕಿವಿರಿನ ಪದರಗಳ ಎಣಿಕೆ, ಶಾಯಿಚೀಲ ಇದೆಯೋ ಇಲ್ಲವೋ, ಇಂಥ ಲೆಕ್ಕಗಳಿಂದ. ಇವುಗಳಲ್ಲಿ ಅತ್ಯಂತ ಉಪಯೋಗಕ್ಕೆ ಬರುವುದು ಗಂಡಿನ ಒಂದು ಕೈ, ಸಾಮಾನ್ಯವಾಗಿ ಬಲಗಡೆಯ ಮೂರನೆಯದು. ವೀರ್ಯದ ಪೊಟ್ಟಣವನ್ನು ಹೆಣ್ಣಿಗೆ ದಾಟಿಸುವ ಈ ಕೈಯ ತುದಿಯ ಆಕಾರ, ಅಳತೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಆರ್ಗೊನಾಟ್ ಎಂಬ ತೇಲುವ ಆಕ್ಟೋಪಸ್‌ಗಳಲ್ಲಿ ಈ ಕೈ ಕಿತ್ತುಹೋಗಿ ಹೆಣ್ಣಿನ ಮೈಯೊಳಗೇ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಕಂಡ ಕ್ಯೂವಿಯೇ ಅದೊಂದು ಪರಾವಲಂಬಿ ಹುಳು ಎಂದುಕೊಂಡು 1829ರಲ್ಲಿ ‘ಹೆಕ್ಟೊಕೊಟೈಲಸ್’ ಎಂದು ನಾಮಕರಣ ಮಾಡಿದ. ತಪ್ಪು ಗೊತ್ತಾದ ಮೇಲೂ ಹೆಸರು ಹೋಗಲಿಲ್ಲ. ಇಂದಿಗೂ ಆ ಕೈಯನ್ನು ಹಾಗೆಯೇ ಕರೆಯುತ್ತಾರೆ. ಕುಲವನ್ನು ಕಟ್ಟಿದವನೇ ಅದರ ಕೈಯನ್ನು ಹುಳುವೆಂದ!

ಆಯಸ್ಸು ಮಾತ್ರ ತೀರ ಕಡಿಮೆ. ಸಯಾನಿಯಕ್ಕೆ ಹೆಚ್ಚುಕಮ್ಮಿ ಒಂದು ವರ್ಷ. ಹೆಣ್ಣು ಬಿಲದೊಳಗೆ ಮೊಟ್ಟೆಯಿಟ್ಟು, ಊಟ ಬಿಟ್ಟು, ಅವಕ್ಕೆ ನೀರು ಹಾಯಿಸುತ್ತ ಕಾದು, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. 1977ರಲ್ಲಿ ವೊಡಿನ್ಸ್ಕಿ ಎಂಬ ವಿಜ್ಞಾನಿ ಕೆರೆಬಿಯನ್ನಿನ ಒಂದು ಪ್ರಭೇದದಲ್ಲಿ ಕಣ್ಣಿನ ಹಿಂದಿರುವ ಗ್ರಂಥಿಗಳನ್ನು ತೆಗೆದುಹಾಕಿದರು. ತಾಯಿ ಕಾವಲು ಬಿಟ್ಟಿತು, ಮತ್ತೆ ತಿನ್ನತೊಡಗಿತು, ಹೆಚ್ಚು ಕಾಲ ಬದುಕಿತು. ಸಾವಿನ ಗಂಟೆ ಆ ಗ್ರಂಥಿಯಲ್ಲಿತ್ತು.

ಮೊಟ್ಟೆಯ ಗಾತ್ರಕ್ಕೂ ಪ್ರಭೇದ ಹರಡಿರುವ ನಕ್ಷೆಗೂ ಸಂಬಂಧವಿದೆ. ಸಯಾನಿಯದ್ದು ಲೆಕ್ಕವಿಲ್ಲದಷ್ಟು ಪುಟ್ಟ ಮೊಟ್ಟೆಗಳು. ಮರಿಗಳು ಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳ, ಜೊತೆ ತೇಲಿಹೋಗುವುದರಿಂದಲೇ ಆಫ್ರಿಕದಿಂದ ಹವಾಯಿವರೆಗೆ ಅದರ ಸಂಸಾರ. ಕೆಲವೇ ದೊಡ್ಡ ಮೊಟ್ಟೆಗಳನ್ನಿಡುವ ಪ್ರಭೇದಗಳ ಮರಿಗಳು ಹುಟ್ಟುತ್ತಲೇ ತಳದಲ್ಲಿ ನಡೆಯತೊಡಗುತ್ತವೆ, ಊರು ಬಿಟ್ಟು ಹೋಗುವುದಿಲ್ಲ. ಟೆಟ್ರೊಡೊಟಾಕ್ಸಿನ್ ಎಂಬ ಮಾರಕ ವಿಷವಿರುವ ನೀಲಿ ಉಂಗುರದ ‘ಹಪಲೊಕ್ಲೀನ’ ಕುಲದಲ್ಲಿ ಎರಡೂ ಬಗೆಯವಿವೆ.

ವೇಷ ತೊಳೆಯುವ ಮೊದಲೇ ಪ್ರಾಣಿಯನ್ನು ನೋಡಲು ಸಾಧ್ಯವಾದದ್ದು ಮುಳುಗುಗಾರರು ಹೆಚ್ಚಿದ ಮೇಲೆ. 1998ರಲ್ಲಿ ಇಂಡೋನೇಷ್ಯಾದ ಸುಲವೇಸಿ ತೀರದ ಕೆಸರುನೆಲದಲ್ಲಿ ಪಟ್ಟೆಪಟ್ಟೆಯ ಒಂದು ಆಕ್ಟೋಪಸ್ ಕಂಡಿತು. ಎಂಟೂ ಕೈಗಳನ್ನು ಹಿಂದಕ್ಕೆ ಮಡಚಿ ಚಪ್ಪಟೆಯ ನಂಗು ಮೀನಿನಂತೆ ನೆಲಕ್ಕಂಟಿ ಸಾಗುತ್ತಿತ್ತು. ಆರು ಕೈಗಳನ್ನು ಬಿಲದಲ್ಲಿ ಅಡಗಿಸಿ ಉಳಿದೆರಡನ್ನು ಎದುರುಬದುರು ಚಾಚಿ ಕಡಲಹಾವಾಗುತ್ತಿತ್ತು. ಅದರ ಅನುಕರಣೆಯ ವರದಿ 2001ರಲ್ಲಿ ಬಂತು. ‘ಥಾಮಾಕ್ಟೋಪಸ್ ಮಿಮಿಕಸ್’ ಎಂಬ ಹೆಸರು ಸಿಕ್ಕಿದ್ದು 2005ರಲ್ಲಿ. ನಡತೆ ಮೊದಲು, ಹೆಸರು ಆಮೇಲೆ. ಮರುವರ್ಷ ಹೆಸರು ಪಡೆದ ಅದರ ನೆಂಟ ‘ವುಂಡರ್‌ಪಸ್ ಫೋಟೊಜೆನಿಕಸ್’ ಛಾಯಾಗ್ರಾಹಕರ ಋಣವನ್ನು ಹೆಸರಿನಲ್ಲೇ ಹೊತ್ತಿದೆ.

ಹೀಗೆ ಹಳೆಯ ಚೀಲ ಬಿಚ್ಚುತ್ತಿದೆ. ಈಗ ಗೊತ್ತಿರುವ ಸುಮಾರು 300 ಪ್ರಭೇದಗಳು ‘ಆಕ್ಟೊಪೋಡ’ ಗಣದಲ್ಲಿವೆ. ಲೋಕದ ತುಂಬ ಇದೆ ಎಂದುಕೊಂಡಿದ್ದ ‘ಆಕ್ಟೋಪಸ್ ವಲ್ಗಾರಿಸ್’ ಒಂದೇ ಪ್ರಭೇದವಲ್ಲ, ಹಲವು ಎಂದು ಡಿಎನ್‌ಎ ತೋರಿಸಿದೆ. ತೆಂಗಿನ ಗೆರಟೆಯನ್ನು ಹೊಟ್ಟೆಯಡಿ ಅವುಚಿಕೊಂಡು, ಕೈಗಳನ್ನು ಮರಗಾಲಿನಂತೆ ಊರಿ ನಡೆದು, ಬೇಕಾದಲ್ಲಿ ಅದರೊಳಗೆ ಕೂರುವ ಪ್ರಾಣಿಯೂ ಮೊದಲು ಬರೀ ಆಕ್ಟೋಪಸ್ ಆಗಿತ್ತು. 2009ರಲ್ಲಿ ಆ ಗೆರಟೆ ಹೊರುವ ಕಥೆ ಪ್ರಕಟವಾಗುವಾಗ ‘ಆಂಫಿಆಕ್ಟೋಪಸ್ ಮಾರ್ಜಿನೇಟಸ್’ ಆಗಿತ್ತು.

ಅದೇ ಆಂಫಿಆಕ್ಟೋಪಸ್ ಕುಲದ ಇನ್ನೊಂದು ಪ್ರಭೇದ ನಮ್ಮ ಪಶ್ಚಿಮ ಕರಾವಳಿಯ ಟ್ರಾಲ್ ಬಲೆಗಳಿಗೂ ಬೀಳುತ್ತದೆ. ಯಾವುದೋ ಹಳೆಯ ಹೆಸರಿನಡಿ ಬಹುಕಾಲ ಮರೆಯಾಗಿದ್ದ ಅದಕ್ಕೆ 1999ರಲ್ಲಷ್ಟೇ, ಥಾಯ್ಲೆಂಡಿನ ಮಾದರಿಗಳನ್ನು ನೋಡಿ, ಸ್ವಂತ ಹೆಸರಿಟ್ಟರು: ‘ನೆಗ್ಲೆಕ್ಟಸ್’. ಲ್ಯಾಟಿನ್ನಿನಲ್ಲಿ ಹಾಗೆಂದರೆ, ಯಾರೂ ಗಮನಿಸದೆ ಬಿಟ್ಟದ್ದು.